ಉಲ್ಲನ್ ಬಟ್ಲು ಫೆಲ್ಟ್ ಆಗ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕೋದು ಹೀಗೆ

ಫೆಲ್ಟ್ ಆಗೋದು ಅಂದ್ರೆ ಹೆಣೆದ ಉಣ್ಣೆ ಕುಗ್ಗಿ, ಸ್ಟಿಚ್ ಕಾಣದ ಹಾಗೆ ಕೂಡ್ಕೊಂಡು, ದಪ್ಪ ಬಟ್ಟೆ ಆಗೋದು. ಆದ್ರೆ ಕೆಲವು ಸಲ ಕಷ್ಟಪಟ್ಟು ಹೆಣೆದ ಬಟ್ಲನ್ನ ಬಿಸಿನೀರಿಗೆ ಹಾಕಿ, ಸೋಪು ಹಾಕಿ, ಅರ್ಧ ಗಂಟೆ ಉಜ್ಜಿದ್ರೂ ಅದು ಜೋತುಬಿದ್ಕೊಂಡೇ ಇರುತ್ತೆ, ಒಂದೊಂದು ಸ್ಟಿಚ್ಚನ್ನೂ ಎಣಿಸ್ಬೋದು ಅನ್ನೋ ಹಾಗೆ ಕಾಣ್ತಿರುತ್ತೆ. ಆಗ ಎಲ್ಲರೂ ಮಾಡೋದು ಒಂದೇ, ಇನ್ನೂ ಬಿಸಿ ನೀರು ಸುರಿಯೋದು, ಇನ್ನೂ ಜೋರಾಗಿ ಉಜ್ಜೋದು. ದಯವಿಟ್ಟು ಅಲ್ಲಿ ಒಂದು ನಿಮಿಷ ನಿಲ್ಲಿಸಿ. ಫೆಲ್ಟ್ ಆಗದೇ ಇರೋದಕ್ಕೆ ಕಾರಣ ನೂಲಲ್ಲಿ ಇರ್ಬೋದು, ಹೆಣಿಗೆಯಲ್ಲಿ ಇರ್ಬೋದು, ನೀರು ಸೋಪಲ್ಲಿ ಇರ್ಬೋದು, ಉಜ್ಜೋ ಕೈಯಲ್ಲೂ ಇರ್ಬೋದು, ಹುಡುಕೋದು ಇದೇ ಕ್ರಮದಲ್ಲಿ ಹುಡುಕಿ, ಯಾಕಂದ್ರೆ ನೂಲೇ ಸರಿ ಇಲ್ಲಾಂದ್ರೆ ಮಿಕ್ಕಿದ್ದೆಲ್ಲಾ ಎಷ್ಟು ಸರಿ ಮಾಡಿದ್ರೂ ದಂಡ.

ಮೊದಲು ಒಳಗೆ ಏನು ನಡೀತಿದೆ ಅನ್ನೋದು ಎರಡು ಮಾತಲ್ಲಿ ಹೇಳ್ಬಿಡ್ತೀನಿ, ಆಮೇಲೆ ಬರೋದೆಲ್ಲಾ ಅದರಿಂದಾನೇ ಅರ್ಥ ಆಗುತ್ತೆ. ಕುರಿ ಉಣ್ಣೆಯ ಎಳೆ ಮೇಲೆ ಮೀನಿನ ಮೈ ಮೇಲಿರೋ ಹಾಗೆ ಸಣ್ಣ ಸಣ್ಣ ಪೊರೆ ಇರುತ್ತೆ, ಎಲ್ಲಾ ತುದಿ ಕಡೆಗೆ ಮುಖ ಮಾಡಿರುತ್ತೆ. ಬಿಸಿನೀರು ಮತ್ತೆ ಸೋಪಿನ ಕ್ಷಾರ ಸೇರಿದಾಗ ಎಳೆ ಉಬ್ಬಿ ಈ ಪೊರೆಗಳು ಸ್ವಲ್ಪ ಎದ್ದು ನಿಲ್ತವೆ, ಆಗ ಉಜ್ಜಿದ್ರೆ ಎಳೆ ಬುಡದ ಕಡೆಗೆ ಮಾತ್ರ ಸರಿಯುತ್ತೆ, ವಾಪಸ್ ಬರೋಕೆ ಹೋದ್ರೆ ಪಕ್ಕದ ಎಳೆ ಪೊರೆಗೆ ಸಿಕ್ಕಿಹಾಕ್ಕೊಳ್ಳುತ್ತೆ. ಹೀಗೆ ಸಾವಿರಾರು ಎಳೆ ಸಿಕ್ಕಾಗಿ ಬಿಗಿಯಾದಾಗ ಬಟ್ಟೆ ಕುಗ್ಗಿ ದಪ್ಪ ಆಗುತ್ತೆ. ಅಂದ್ರೆ ಪೊರೆ ಇರ್ಬೇಕು, ಪೊರೆ ಏಳ್ಬೇಕು, ಎಳೆಗೆ ಓಡಾಡೋಕೆ ಜಾಗ ಇರ್ಬೇಕು, ಓಡಾಡಿಸೋಕೆ ಉಜ್ಜೋರೊಬ್ಬರು ಇರ್ಬೇಕು. ಇದರಲ್ಲಿ ಒಂದು ತಪ್ಪಿದ್ರೂ ಕೆಲಸ ಕೆಡುತ್ತೆ.

ನಾನು ಇಲ್ಲಿ ಹೇಳೋ ಲೆಕ್ಕಕ್ಕೆಲ್ಲಾ ಆಧಾರ ಒಂದು ಸಾಮಾನ್ಯ ಸಣ್ಣ ಬಟ್ಲು: ಮಧ್ಯಮ ದಪ್ಪದ ಶುದ್ಧ ಉಣ್ಣೆ ನೂಲು, 6.5 ಎಂಎಂ ಕಡ್ಡಿ, ನಮ್ಮ ಅಂಗಡಿಗಳಲ್ಲಿ ಹಳೇ ನಂಬರಲ್ಲಿ ಕೇಳೋದಾದ್ರೆ 3ನೇ ನಂಬರ್ (ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ ಅನ್ನೋದು ನೆನಪಿರ್ಲಿ). 64 ಸ್ಟಿಚ್ ಹಾಕಿ ಸುತ್ತು ಜೋಡಿಸಿ ಸುಮಾರು 12 ಸೆಂಟಿಮೀಟರ್ ಸೀದಾ ಹೆಣೆದು, ಆಮೇಲೆ ತಳಕ್ಕೆ 8 ಭಾಗ ಮಾಡ್ಕೊಂಡು ಒಂದು ಸುತ್ತು ಬಿಟ್ಟು ಒಂದು ಸುತ್ತಲ್ಲಿ ಸ್ಟಿಚ್ ಕಡಿಮೆ ಮಾಡ್ತಾ ಹೋಗೋದು. ಹೆಣೆದಾಗ ಅಡ್ಡಗಲ 14 ಸೆಂಟಿಮೀಟರ್ ಮೇಲಿರುತ್ತೆ, ಫೆಲ್ಟ್ ಆದ್ಮೇಲೆ ಸುಮಾರು 11ಕ್ಕೆ ಬರುತ್ತೆ. 50 ಗ್ರಾಂ ಉಂಡೆ ಒಂದು ಧಾರಾಳ ಸಾಕು.

ಒಂಚೂರೂ ಕುಗ್ತಿಲ್ಲ

ಇದಕ್ಕೆ ಬಹುಪಾಲು ಕಾರಣ ನೂಲೇ. ನಮ್ಮ ಊರಿನ ಅಂಗಡಿಗಳಲ್ಲಿ "ಉಲ್ಲನ್" ಅಂತ ಕೇಳಿದ್ರೆ ಕೊಡೋದು ಹೆಚ್ಚಾಗಿ ಅಕ್ರಿಲಿಕ್. ಬಾಗಿಲ ತೋರಣ, ಮಕ್ಕಳ ಟೋಪಿ, ಸ್ವೆಟರ್ ಇದಕ್ಕೆಲ್ಲಾ ಅದು ಚೆನ್ನಾಗೇ ಇರುತ್ತೆ, ಬಣ್ಣಾನೂ ಚೆನ್ನ, ರೇಟೂ ಕಮ್ಮಿ, ಆದ್ರೆ ಅದು ಪ್ಲಾಸ್ಟಿಕ್ ಎಳೆ, ಅದರ ಮೇಲೆ ಪೊರೆ ಇಲ್ಲ, ಕುದಿಸಿದ್ರೂ ಫೆಲ್ಟ್ ಆಗಲ್ಲ. ಲೇಬಲ್ ಇದ್ರೆ ನೋಡಿ, 100% ಉಲ್ ಅಂತ ಇರ್ಬೇಕು. ಬಿಡಿ ಉಂಡೆ ತಂದಿದ್ರೆ ಒಂದು ಬೆರಳುದ್ದ ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡ್ಕೊಂಡು, ಸಿಂಕ್ ಮೇಲೆ ಬೆಂಕಿ ತೋರ್ಸಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ದೂರ ಮಾಡಿದ ತಕ್ಷಣ ತಾನೇ ಆರಿಹೋಗುತ್ತೆ, ಉಳಿದ ಕರಿಯನ್ನ ಬೆರಳಲ್ಲಿ ತಿಕ್ಕಿದ್ರೆ ಪುಡಿ ಆಗುತ್ತೆ. ಅಕ್ರಿಲಿಕ್ ಆದ್ರೆ ಕರಗಿ ತೊಟ್ಟಿಕ್ಕುತ್ತೆ, ಆರಿದ್ಮೇಲೆ ಗಟ್ಟಿ ಕರೀ ಮಣಿ ಉಳಿಯುತ್ತೆ, ಪುಡಿ ಆಗಲ್ಲ.

ಎರಡೂ ಮಿಕ್ಸ್ ಆಗಿರೋ ನೂಲಿಗೆ ಬೆಂಕಿ ಪರೀಕ್ಷೆ ಸರಿಯಾಗಿ ಹೇಳಲ್ಲ, ಅದಕ್ಕೆ ಬಟ್ಟೆಗೆ ಹಾಕೋ ಕ್ಲೋರಿನ್ ಬ್ಲೀಚ್ ಒಳ್ಳೇದು. ಗಾಜಿನ ಲೋಟದಲ್ಲಿ ಸ್ವಲ್ಪ ಬ್ಲೀಚ್ ಹಾಕಿ ದಾರದ ತುಂಡು ಮುಳುಗಿಸಿಡಿ, ಕಿಟಕಿ ತೆಗೆದಿರ್ಲಿ, ಗ್ಲೌಸ್ ಹಾಕ್ಕೊಳ್ಳಿ, ವಿನೆಗರ್ರೋ ಟಾಯ್ಲೆಟ್ ಕ್ಲೀನರ್ರೋ ಹತ್ತಿರಾನೂ ತರ್ಬೇಡಿ, ಸೇರಿದ್ರೆ ವಿಷದ ಗಾಳಿ ಬರುತ್ತೆ. ಉಣ್ಣೆ ನೊರೆನೊರೆಯಾಗಿ ಕರಗಿಹೋಗುತ್ತೆ, ಅಕ್ರಿಲಿಕ್ ಹಾಗೇ ಕೂತಿರುತ್ತೆ. ಮಿಕ್ಸ್ ನೂಲಾದ್ರೆ ತೆಳ್ಳಗಿನ ಅಸ್ಥಿಪಂಜರ ಮಾತ್ರ ಉಳಿಯುತ್ತೆ, ಎಷ್ಟು ಉಳೀತು ಅನ್ನೋದು ನೋಡಿದ್ರೆ ಎಷ್ಟು ಬೆರೆಸಿದ್ದಾರೆ ಅಂತ ಅಂದಾಜು ಸಿಗುತ್ತೆ.

ಈಗ ಬರೋದು ತುಂಬಾ ಜನ ಎಡವೋ ಜಾಗ. ಸೂಪರ್‌ವಾಶ್ ಉಣ್ಣೆ. ಇದು ನೂರಕ್ಕೆ ನೂರು ಕುರಿ ಉಣ್ಣೇನೇ, ಸುಟ್ರೆ ಕೂದಲ ವಾಸನೇನೇ, ಬ್ಲೀಚಲ್ಲೂ ಕರಗುತ್ತೆ, ಆದ್ರೆ ಫೆಲ್ಟ್ ಆಗಲ್ಲ. ವಾಶಿಂಗ್ ಮಷಿನ್ನಲ್ಲಿ ಕುಗ್ಗಬಾರ್ದು ಅಂತ ಫ್ಯಾಕ್ಟರಿಯಲ್ಲೇ ಕ್ಲೋರಿನ್ ಹಾಕಿ ಪೊರೆ ಸವೆಸಿ, ಮೇಲೆ ತೆಳುವಾಗಿ ಪಾಲಿಮರ್ ಲೇಪ ಮಾಡಿರ್ತಾರೆ. ಲೇಬಲ್ ಮೇಲೆ ಸೂಪರ್‌ವಾಶ್ ಅಂತಲೋ ಮಷಿನ್ ವಾಶ್ ಮಾಡ್ಬೋದು ಅಂತಲೋ ಇದ್ರೆ ಆ ನೂಲನ್ನ ಈ ಕೆಲಸಕ್ಕೆ ಮುಟ್ಬೇಡಿ, ಕೈಯಲ್ಲೇ ಒಗೆಯಿರಿ ಅಂತ ಇದ್ರೆ ಅದು ನಮಗೆ ಶುಭ ಸೂಚನೆ. ಲೇಬಲ್ಲೇ ಇಲ್ದಿದ್ರೆ ಅಂಗೈ ಪರೀಕ್ಷೆ ಮಾಡಿ: ಎರಡು ತುಂಡು ದಾರದ ತುದಿ ಬಿಡಿಸಿ, ಒಂದರ ಮೇಲೊಂದು ಇಟ್ಟು, ಒದ್ದೆ ಮಾಡಿ, ಎರಡು ಅಂಗೈ ಮಧ್ಯೆ ಬಿಸಿ ಹುಟ್ಟೋ ತನಕ ಜೋರಾಗಿ ಉಜ್ಜಿ. ಒಳ್ಳೇ ಉಣ್ಣೆ ಅರ್ಧ ನಿಮಿಷದಲ್ಲಿ ಅಂಟಿ ಒಂದೇ ದಾರ ಆಗುತ್ತೆ, ಎಳೆದ್ರೂ ಸುಲಭಕ್ಕೆ ಬಿಡಲ್ಲ. ಸೂಪರ್‌ವಾಶ್ ಎಷ್ಟು ಉಜ್ಜಿದ್ರೂ ಜಾರಿ ಬೇರೆ ಬೇರೆ ಆಗುತ್ತೆ. ನನ್ನ ಮಟ್ಟಿಗೆ ಎಲ್ಲಾ ಪರೀಕ್ಷೆಗಿಂತ ಇದೇ ಹೆಚ್ಚು ನಂಬಿಕೆಯದು, ಯಾಕಂದ್ರೆ ಇದು ನೂಲು ಯಾವುದು ಅಂತ ಹೇಳೋದಲ್ಲ, ನಮ್ಮ ಕೆಲಸ ಆಗುತ್ತಾ ಇಲ್ವಾ ಅಂತ ನೇರವಾಗಿ ಹೇಳುತ್ತೆ. ಅಂಗಡಿಯಲ್ಲೇ ನಿಂತು ಮಾಡ್ಬೋದು ಕೂಡ.

ಚಳ್ಳಕೆರೆ ಕಡೆ ಕಂಬಳಿಗೆ ಬಳಸೋ ನಮ್ಮ ಡೆಕ್ಕನಿ ಕುರಿ ಉಣ್ಣೆ ನೂಲು ಸಿಕ್ಕಿದ್ರೆ ಅದರಲ್ಲೂ ಮಾಡ್ಬೋದು, ಆದ್ರೆ ಅದು ಒರಟು, ನಿಧಾನವಾಗಿ ಕೂಡಿಕೊಳ್ಳುತ್ತೆ, ಮೇಲ್ಮೈ ಕೂದಲು ಕೂದಲಾಗೇ ಉಳಿಯುತ್ತೆ. ಮೆರಿನೋ ಅನ್ನೋ ನಯವಾದ ಕುರಿ ಉಣ್ಣೆಯ ನುಣುಪು ಅದರಿಂದ ನಿರೀಕ್ಷೆ ಮಾಡ್ಬೇಡಿ, ಬದಲಿಗೆ ಗಟ್ಟಿ ಬಟ್ಲು ಸಿಗುತ್ತೆ, ಆ ಕಪ್ಪು ಬಣ್ಣಕ್ಕೂ ಒಂದು ಗಾಂಭೀರ್ಯ ಇದೆ.

ನೂಲು ಸರಿ ಇದೆ, ಆದ್ರೂ ಅರ್ಧಕ್ಕೇ ನಿಂತಿದೆ

ಮೊದಲು ಹೆಣಿಗೆ ನೋಡಿ. ಹೆಣೆದ ತುಂಡನ್ನ ಕಿಟಕಿಗೆ ಹಿಡಿದ್ರೆ ಸ್ಟಿಚ್ ಮಧ್ಯೆ ಬೆಳಕು ಕಾಣ್ಬೇಕು. ಸ್ವೆಟರ್‌ಗೆ ಹೆಣೆಯೋ ಬಿಗಿಯಲ್ಲೇ ಬಟ್ಲು ಹೆಣೆದ್ರೆ ಎಳೆಗೆ ಸರಿಯೋಕೆ ಜಾಗಾನೇ ಇರಲ್ಲ, ಮೇಲ್ಮೈ ಮಾತ್ರ ಜುಂಜುರಾಗಿ ಒಳಗೆ ಸ್ಟಿಚ್ ಹಾಗೇ ಉಳಿಯುತ್ತೆ. ಆ ನೂಲಿಗೆ ಸಾಮಾನ್ಯವಾಗಿ ಬಳಸೋ ಕಡ್ಡಿಗಿಂತ ಎರಡು ಮೂರು ಸೈಜ್ ದಪ್ಪ ಕಡ್ಡಿ ತಗೊಳ್ಳಿ. ಹೆಣೆದಾಗ ಇದೇನಪ್ಪಾ ಇಷ್ಟು ಸಡಿಲ, ಅಸಹ್ಯವಾಗಿದೆ ಅನ್ನಿಸುತ್ತೆ, ಅದೇ ಸರಿಯಾದ ಸಡಿಲ.

ಹೆಣಿಗೆನೂ ಸರಿ ಇದ್ರೆ ಈಗ ನೀರು. ಬೆಂಗಳೂರಲ್ಲಿ ಕಾವೇರಿ ನೀರು ಬರೋ ಮನೆಗೂ ಬೋರ್‌ವೆಲ್ ಟ್ಯಾಂಕರ್ ನೀರಿನ ಮನೆಗೂ ಫೆಲ್ಟಿಂಗ್‌ನಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ. ಬೋರ್ ನೀರು ಗಡಸು, ಅದರಲ್ಲಿರೋ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳೀ ಗಸಿ ಆಗಿಬಿಡುತ್ತೆ, ನೊರೆ ಬರಲ್ಲ, ಸೋಪು ಉಣ್ಣೆಗೆ ಸೇರೋ ಮುಂಚೇನೇ ಖರ್ಚಾಗಿಹೋಗುತ್ತೆ, ಮೇಲಿಂದ ಆ ಗಸಿ ಉಣ್ಣೆಗೆ ಅಂಟಿ ಕೈಗೆ ಒಂಥರಾ ಜಿಗುಟು ಜಿಗುಟು. ಬಾಟಲಲ್ಲಿ ಸ್ವಲ್ಪ ನೀರು, ತುರಿದ ಸೋಪು ಹಾಕಿ ಅಲ್ಲಾಡಿಸಿ ನೋಡಿ, ದಟ್ಟ ನೊರೆ ನಿಂತ್ರೆ ನೀರು ಒಳ್ಳೇದು, ಹಾಲಿನ ಬಣ್ಣ ಬಂದು ಮೇಲೆ ಕೆನೆ ತೇಲಿದ್ರೆ ಗಡಸು. ಒಂದು ಬಟ್ಲಿಗೆ ಬೇಕಾಗೋದು ಅರ್ಧ ಬಕೆಟ್ ನೀರು ಅಷ್ಟೇ, ಮಳೆ ನೀರು ಹಿಡಿದಿಟ್ರೆ ಇದಕ್ಕಿಂತ ಒಳ್ಳೇದಿಲ್ಲ, ಇಲ್ಲಾಂದ್ರೆ ನೀರನ್ನ ಕುದಿಸಿ ತಿಳಿ ಬಗ್ಗಿಸ್ಕೊಳ್ಳಿ, ಗಡಸುತನ ಒಂದಷ್ಟು ತಳಕ್ಕೆ ಕೂರುತ್ತೆ. ವಾಶಿಂಗ್ ಸೋಡಾ ಹಾಕೋರು ಚಿಟಿಕೆ ಮಾತ್ರ ಹಾಕಿ, ಕ್ಷಾರ ಅತಿಯಾದ್ರೆ ಉಣ್ಣೆ ಹಳದಿ ತಿರುಗಿ ಶಕ್ತಿ ಕಳ್ಕೊಳ್ಳುತ್ತೆ.

ಬಿಸಿ ಎಷ್ಟಿರ್ಬೇಕು? ಗೀಸರ್ ನೀರು ಕೈ ತಡೆಯೋಕೆ ಕಷ್ಟ ಅನ್ನೋವಷ್ಟು, ಅಂದ್ರೆ 50ರಿಂದ 60 ಡಿಗ್ರಿ, ಸಾಕು. ದಪ್ಪ ರಬ್ಬರ್ ಗ್ಲೌಸ್ ಬೇಕೇ ಬೇಕು. ನೀರು ಉಗುರುಬೆಚ್ಚಗಾದ ತಕ್ಷಣ ಬದಲಾಯಿಸಿ, ಇಲ್ಲೇ ಬಹಳ ಜನ ಸೋಮಾರಿತನ ಮಾಡೋದು.

ಸೋಪು ಅಂದ್ರೆ ಸ್ನಾನದ ಸೋಪು ತುರಿದು ಬಿಸಿನೀರಲ್ಲಿ ಕರಗಿಸಿದ್ದು. ಎನ್‌ಜೈಮ್ ಇರೋ ಬಟ್ಟೆ ಪೌಡರ್ ಬೇಡ, ಪ್ರೊಟೀನ್ ಕಲೆ ತಿನ್ನೋ ಎನ್‌ಜೈಮ್‌ಗೆ ಉಣ್ಣೆನೂ ಪ್ರೊಟೀನೇ. ಅಂಟುವಾಳ ಸ್ವೆಟರ್ ಒಗೆಯೋಕೆ ಬಹಳ ಒಳ್ಳೇದು, ಕ್ಷಾರ ಇಲ್ಲದೇ ಇರೋದ್ರಿಂದ ಉಣ್ಣೆ ಕುಗ್ಗಲ್ಲ, ಅದಕ್ಕೇ ನಮ್ಮ ಈ ಕೆಲಸಕ್ಕೆ ಅದು ಪ್ರಯೋಜನ ಇಲ್ಲ. ಸೋಪು ಕಡಿಮೆ ಆದ್ರೆ ಎಳೆ ಒಣಒಣವಾಗಿ ತಿಕ್ಕಿ ಗುಬ್ಬಿ ಗುಬ್ಬಿ ಏಳುತ್ತೆ, ಜಾಸ್ತಿ ಆದ್ರೆ ನೊರೆನೇ ದಿಂಬಿನ ಕೆಲಸ ಮಾಡಿ ಎಳೆಗೆ ಎಳೆ ತಾಗೋಕೇ ಬಿಡಲ್ಲ. ಕೈ ಜಾರ್ಬೇಕು, ಆದ್ರೆ ಬಟ್ಲು ಕಾಣದಷ್ಟು ನೊರೆ ಇರ್ಬಾರ್ದು.

ಕೊನೆಗೆ ಉಜ್ಜೋದು. ನೆನೆಸಿಟ್ರೆ ಫೆಲ್ಟ್ ಆಗಲ್ಲ, ಬಿಸಿನೀರು ತಣ್ಣೀರು ಅಂತ ಹತ್ತು ಸಲ ಅದ್ದಿದ್ರೂ ಆಗಲ್ಲ, ಅಲುಗಾಟನೇ ಮುಖ್ಯ. ಮೊದಲ ಐದು ಹತ್ತು ನಿಮಿಷ ಬಟ್ಲು ಕುಗ್ಗೋ ಬದಲು ಇನ್ನೂ ದೊಡ್ಡದಾಗಿ ಹರಡ್ಕೊಂಡ ಹಾಗೆ ಕಾಣುತ್ತೆ, ಗಾಬರಿ ಬೇಡ, ಉಣ್ಣೆ ನೀರು ಕುಡಿದಾಗ ಹಾಗೇ. ಹೊಗೆಯ ಹಾಗೆ ತೆಳುವಾಗಿ ನಾರು ಮೇಲೆದ್ದು ಬಂತು ಅಂದ್ರೆ ಶುರುವಾಯ್ತು ಅಂತ. ಆಮೇಲೆ ಬಾತ್‌ರೂಮ್ ಕಲ್ಲಿನ ಮೇಲೋ ಪ್ಲಾಸ್ಟಿಕ್ ಒಗೆಯೋ ಹಲಗೆ ಮೇಲೋ ಎಲ್ಲಾ ದಿಕ್ಕಲ್ಲೂ ಉಜ್ಜಿ, ಒಳಗೆ ಹೊರಗೆ ತಿರುಗಿಸಿ. ಮುಗೀತಾ ಇಲ್ವಾ ಅಂತ ನೋಡೋಕೆ ಒಂದು ಸ್ಟಿಚ್ಚನ್ನ ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಮೇಲಕ್ಕೆ ಎಳೀರಿ, ದಾರ ಬೇರೆಯಾಗಿ ಎದ್ದು ಬಂದ್ರೆ ಇನ್ನೂ ಬೇಕು, ಇಡೀ ಬಟ್ಟೆನೇ ಚರ್ಮ ಎಳೆದ ಹಾಗೆ ಬಂದ್ರೆ ಆಗಿದೆ.

ಮಷಿನ್ನಲ್ಲಿ ಹಾಕೋರಿಗೆ ಒಂದು ಮಾತು. ಫ್ರಂಟ್ ಲೋಡ್‌ನಲ್ಲಿ ಬಿಸಿ ಆಯ್ಕೆ ಇದೆ, ಆದ್ರೆ ಮಧ್ಯೆ ಬಾಗಿಲು ತೆಗೆದು ನೋಡೋಕೆ ಆಗಲ್ಲ, ಒಂದು ಸೈಕಲ್ ಮುಗಿಯೋದ್ರಲ್ಲಿ ಬಟ್ಲು ಬೂದಿ ಬಟ್ಲಷ್ಟಾಗಿ ಬರ್ಬೋದು. ಹಳೇ ಸೆಮಿ ಆಟೋಮ್ಯಾಟಿಕ್ ಇದ್ರೆ ಅದೇ ಇದಕ್ಕೆ ರಾಜ, ಬಕೆಟಲ್ಲಿ ಬಿಸಿನೀರು ಸುರಿದು, ಬಟ್ಲನ್ನ ಜಿಪ್ ಇರೋ ದಿಂಬಿನ ಕವರಲ್ಲಿ ಹಾಕಿ, ಜೊತೆಗೆ ಒಂದು ಹಳೇ ಜೀನ್ಸ್ ಹಾಕಿ ತಿರುಗಿಸಿದ್ರೆ ಐದೈದು ನಿಮಿಷಕ್ಕೆ ನಿಲ್ಲಿಸಿ ತೆಗೆದು ನೋಡ್ಬೋದು. ಟವೆಲ್ ಹಾಕ್ಬೇಡಿ, ಅದರ ಹಂಜಿ ಉಣ್ಣೆಯೊಳಗೆ ಸೇರ್ಕೊಂಡ್ರೆ ಆಮೇಲೆ ಬಿಡಿಸೋಕೆ ಆಗಲ್ಲ. ದಿಂಬಿನ ಕವರ್ ಯಾಕಂದ್ರೆ ಉದುರೋ ಉಣ್ಣೆ ಪೈಪಿಗೆ ಹೋಗಿ ಕಟ್ಟಿಕೊಳ್ಳುತ್ತೆ. ಆದ್ರೂ ಒಂದೇ ಒಂದು ಸಣ್ಣ ಬಟ್ಲಿಗಾದ್ರೆ ಬಕೆಟ್ಟೇ ಸರಿ, ಕೈಯಲ್ಲಿ ಮಾಡಿದಾಗ ಆಕಾರ ನಮ್ಮ ಹಿಡಿತದಲ್ಲಿರುತ್ತೆ.

ಫೆಲ್ಟ್ ಆಯ್ತು, ಆಕಾರ ಕೆಟ್ಟಿದೆ

ಅಂಚು ಹೂವಿನ ಹಾಗೆ ಹೊರಗೆ ಹರಡ್ಕೊಂಡಿದ್ರೆ ಮೊದಲ ಸಾಲು ಸಡಿಲ ಆಗಿದೆ, ಗಂಟು ಹಾಕಿದ ಚೀಲದ ಥರ ಒಳಗೆ ಎಳ್ಕೊಂಡಿದ್ರೆ ಬಿಗಿ ಆಗಿದೆ. ಮುಂದಿನ ಸಲ ಫೆಲ್ಟ್ ಮಾಡೋ ಮುಂಚೆ ಅಂಚಿನ ಸುತ್ತ ಹತ್ತಿ ದಾರದಲ್ಲಿ ಓಡುಹೊಲಿಗೆ ಹಾಕಿ ಬೇಕಾದ ಅಳತೆಗೆ ಕಟ್ಟಿಬಿಡಿ, ಹತ್ತಿ ಫೆಲ್ಟ್ ಆಗಲ್ಲ, ಕೊನೆಗೆ ಎಳೆದು ತೆಗೆಯೋದು ಸುಲಭ. ಈಗಾಗ್ಲೇ ಹರಡಿದ್ದಕ್ಕೆ ಅಂಚನ್ನ ಮಾತ್ರ ಬಿಸಿನೀರಲ್ಲಿ ಅದ್ದಿ, ಎರಡು ಬೆರಳ ಮಧ್ಯೆ ಸೋಪು ಹಚ್ಚಿ ಸುತ್ತಲೂ ಉಜ್ತಾ ಹೋಗಿ, ಅಷ್ಟು ಭಾಗ ಮಾತ್ರ ಕುಗ್ಗುತ್ತೆ. ಅಥವಾ ಕತ್ತರಿ ತಗೊಂಡು ಸಮ ಕತ್ತರಿಸಿ. ಪೂರ್ತಿ ಫೆಲ್ಟ್ ಆದ ಬಟ್ಟೆ ಬಿಚ್ಕೊಳ್ಳಲ್ಲ, ಧೈರ್ಯವಾಗಿ ಕತ್ತರಿಸಿ.

ತಳದ ತೊಂದರೆ ಎರಡು ಥರ. ಚೂಪಾಗಿ ಮೊನೆ ಬಂದು ಬಟ್ಲು ಮೇಜಿನ ಮೇಲೆ ಕೂರ್ತಿಲ್ಲ ಅಂದ್ರೆ ಕಡಿಮೆ ಮಾಡೋದನ್ನ ತುಂಬಾ ನಿಧಾನ ಮಾಡಿದ್ದೀರಿ, ಎರಡು ಮೂರು ಸುತ್ತು ಬಿಟ್ಟು ಬಿಟ್ಟು. ತಳ ಸುತ್ತ ನೆರಿಗೆ ಬಿದ್ದಿದ್ರೆ ಪ್ರತೀ ಸುತ್ತಲ್ಲೂ ಕಡಿಮೆ ಮಾಡಿ ಅವಸರ ಮಾಡಿದ್ದೀರಿ. ಹೆಣೆದಾಗ ಸ್ವಲ್ಪ ಮೊನೆ ಕಾಣಿಸಿದ್ರೆ ಚಿಂತೆ ಇಲ್ಲ, ಯಾಕಂದ್ರೆ ಹೆಣಿಗೆ ಅಗಲಕ್ಕಿಂತ ಎತ್ತರದಲ್ಲಿ ಜಾಸ್ತಿ ಕುಗ್ಗುತ್ತೆ, ಅಗಲ ಮುಕ್ಕಾಲಷ್ಟು ಉಳಿದ್ರೆ ಎತ್ತರ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತೆ, ಹಾಗಾಗಿ ಮೊನೆ ತಾನೇ ಚಪ್ಪಟೆ ಆಗುತ್ತೆ. ಬಟ್ಲು ಗಿಡ್ಡ ಆಗಿ ತಟ್ಟೆ ಥರ ಬಂತು ಅನ್ನೋ ದೂರಿಗೂ ಇದೇ ಉತ್ತರ, ಅಂದುಕೊಂಡ ಎತ್ತರಕ್ಕಿಂತ ಅರ್ಧದಷ್ಟು ಹೆಚ್ಚಿಗೆ ಹೆಣೀಬೇಕು.

ಗೋಡೆ ಮಧ್ಯೆ ಉದ್ದಕ್ಕೆ ಗೆರೆ ಇದ್ರೆ ಅದು ಮಡಿಕೆ, ಒಂದೇ ಕಡೆ ಮಡಚಿ ಬಹಳ ಹೊತ್ತು ತಿರುಗಿದೆ. ಒಳಗಿನ ಎರಡು ಗೋಡೆ ಒಂದಕ್ಕೊಂದು ಅಂಟೋಕೆ ಶುರುವಾಗಿದ್ರೆ ತಡ ಮಾಡ್ದೇ ಬೆರಳು ಹಾಕಿ ಬಿಡಿಸಿ. ಗೆರೆ ಮೇಲೆ ಬಿಸಿನೀರು ಸೋಪು ಹಾಕಿ ಅಡ್ಡಡ್ಡ ಉಜ್ಜಿ, ಆಮೇಲೆ ಸರಿಯಾದ ಅಳತೆಯ ಸ್ಟೀಲ್ ಡಬ್ಬಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಅದರ ಮೇಲೆ ಬಿಗಿಯಾಗಿ ಹಾಕಿ ಒಣಗಿಸಿ. ಆಕಾರ ಕೂರೋದು ಒಣಗೋವಾಗಲೇ, ಹಾಗಾಗಿ ಡಬ್ಬಿ ಹುಡುಕೋದನ್ನ ಕೊನೆಗೆ ಬಿಡ್ಬೇಡಿ.

ಕಡ್ಡಿಯಿಂದ ಕಡ್ಡಿಗೆ ಹೋಗೋ ಜಾಗದಲ್ಲಿ ಏಣಿ ಥರ ಸಂದಿ, ಸ್ಟಿಚ್ ಬಿಟ್ಟ ತೂತು ಇವೆಲ್ಲಾ ಫೆಲ್ಟ್ ಆದ್ರೆ ಮುಚ್ಚಿಹೋಗುತ್ತೆ ಅನ್ನೋರಿದ್ದಾರೆ, ಸಣ್ಣದು ಮುಚ್ಚುತ್ತೆ, ದೊಡ್ಡದು ಇನ್ನೂ ಬಾಯಿ ಬಿಡುತ್ತೆ. ಒಣಗಿದ್ಮೇಲೆ ಅದೇ ನೂಲಿನ ತುಂಡು ಹಿಂಜಿ ತೂತಿನ ಮೇಲಿಟ್ಟು, ಹಿಂದೆ ದಪ್ಪ ಸ್ಪಂಜ್ ಇಟ್ಟು, ಮುಳ್ಳು ಇರೋ ಫೆಲ್ಟಿಂಗ್ ಸೂಜಿಯಿಂದ ಚುಚ್ಚಿ ಚುಚ್ಚಿ ಸೇರಿಸಿ.

ಪಟ್ಟೆ ಹಾಕಿದ ಬಟ್ಲು ಡೊಂಕಾಗಿದೆ

ಪರಿಚಯದವರೊಬ್ಬರು ತೋರಿಸಿದ ಬಟ್ಲು ಇದು, ಕಡುಕೆಂಪು ಬಿಳಿ ಪಟ್ಟೆ. ಕೆಂಪು ಪಟ್ಟೆ ಬಿಗಿಯಾಗಿ, ಸ್ಟಿಚ್ ಗುರುತೇ ಇಲ್ದಂಗೆ ಕೂತಿತ್ತು, ಬಿಳಿ ಪಟ್ಟೆ ಮಾತ್ರ ಉಬ್ಬಿ ಟೈರಿನ ಥರ ಹೊರಗೆ ಬಂದಿತ್ತು, ಅದರಲ್ಲಿ ಸ್ಟಿಚ್ಚಿನ ವಿ ಗುರುತು ಒಂದೊಂದೂ ಕಾಣ್ತಿತ್ತು. ಎರಡೂ ಒಂದೇ ಕಂಪನಿ, ಒಂದೇ ದಪ್ಪ. ಇದು ಉಜ್ಜೋದರ ತಪ್ಪಲ್ಲ. ಹಾಲುಬಿಳಿ ಬರ್ಲಿ ಅಂತ ಬ್ಲೀಚ್ ಮಾಡಿದ ಉಣ್ಣೆಗೆ ಪೊರೆ ಹಾಳಾಗಿರುತ್ತೆ, ಅದು ಬೇರೆ ಬಣ್ಣದಷ್ಟು ಕುಗ್ಗಲ್ಲ, ಹಾಗಾಗಿ ಪಕ್ಕದ ಪಟ್ಟೆ ಬಿಗಿಯಾದಾಗ ಇದು ಉಬ್ಬಿ ಬರುತ್ತೆ. ಬಿಳಿ ಬೇಕೇ ಬೇಕು ಅಂದ್ರೆ ಬಣ್ಣ ಹಾಕದ, ಬ್ಲೀಚ್ ಮಾಡದ ಕೆನೆ ಬಣ್ಣದ್ದು ತಗೊಳ್ಳಿ. ಯಾವ ಎರಡು ಬಣ್ಣ ಸೇರಿಸೋದಾದ್ರೂ ಎರಡರಲ್ಲೂ 20 ಸ್ಟಿಚ್ 20 ಸಾಲಿನ ಚೌಕ ಹೆಣೆದು ಒಟ್ಟಿಗೇ ಫೆಲ್ಟ್ ಮಾಡಿ ಅಳತೆ ಹಾಕಿ, ಒಂದು ಸಂಜೆ ಹೋಗುತ್ತೆ ಅಷ್ಟೇ. ಕೆಂಪು, ನೇರಳೆ ಬಣ್ಣ ಬಿಟ್ಟು ಬಿಳಿಗೆ ಹತ್ತೋದೂ ಅದೇ ಚೌಕದಲ್ಲೇ ಗೊತ್ತಾಗಿಬಿಡುತ್ತೆ.

ಮೆತ್ತಗಿದೆ, ನಿಲ್ತಿಲ್ಲ

ಚಿವುಟಿ ನೋಡಿ, ಇನ್ನೂ ಫೆಲ್ಟ್ ಆಗೋಕಿದ್ರೆ ಮತ್ತೆ ಬಕೆಟ್ಟಿಗೆ. ಪೂರ್ತಿ ಆಗೂ ಮೆತ್ತಗಿದ್ರೆ ನೂಲು ತೆಳು, ಮುಂದಿನ ಸಲ ಎರಡೆಳೆ ಸೇರಿಸಿ ಹೆಣೀರಿ. ಈಗಿನದಕ್ಕೆ ಕಂಬಳಿ ನೇಯೋರ ಉಪಾಯ ಇದೆ, ಅವರು ಹುಣಸೆ ಬೀಜದ ಗಂಜಿ ಬಳಸ್ತಾರೆ, ಅದನ್ನ ತೆಳ್ಳಗೆ ಮಾಡಿ ಒಳಗಡೆ ಬ್ರಶ್‌ನಲ್ಲಿ ಹಚ್ಚಿ ಡಬ್ಬಿ ಮೇಲೆ ಒಣಗಿಸಿದ್ರೆ ಬಟ್ಲು ನೆಟ್ಟಗೆ ನಿಲ್ಲುತ್ತೆ. ತಿಳಿ ಬಣ್ಣಕ್ಕೆ ಬೇಡ, ಕಲೆ ಕಾಣುತ್ತೆ.

ತೀರಾ ಸಣ್ಣದಾಗಿಬಿಟ್ಟಿದೆ

ಇದಕ್ಕೆ ಮದ್ದಿಲ್ಲ ಅಂತಾನೇ ತಿಳ್ಕೊಳ್ಳಿ. ಬಿಸಿ ಬಿಸಿ ಇರೋವಾಗಲೇ ದೊಡ್ಡ ಡಬ್ಬಿ ಮೇಲೆ ಎಳೆದು ಹಾಕಿದ್ರೆ ಅರ್ಧ ಒಂದು ಸೆಂಟಿಮೀಟರ್ ಸಿಗ್ಬೋದು, ಅಷ್ಟೇ. ಸಿಕ್ಕಾದ ಎಳೆ ಬಿಡಿಸೋಕೆ ಆಗಲ್ಲ.

ವಾಸನೆ, ಹುಳ

ಮುಗಿದ್ಮೇಲೆ ಸೋಪು ಪೂರ್ತಿ ಹೋಗೋ ತನಕ ತೊಳೆದು, ಕೊನೇ ನೀರಿಗೆ ಒಂದು ಚಮಚ ವಿನೆಗರ್ ಹಾಕಿ, ಉಳಿದ ಕ್ಷಾರ ಹೋಗುತ್ತೆ, ಕೈಗೂ ಮೃದು. ಟವೆಲಲ್ಲಿ ಸುತ್ತಿ ಒತ್ತಿ ನೀರು ತೆಗೀರಿ, ಹಿಂಡ್ಬೇಡಿ. ಮಳೆಗಾಲದಲ್ಲಿ ಡಬ್ಬಿ ಮೇಲಿರೋ ಬಟ್ಲಿನ ಒಳಭಾಗ ಒಣಗದೇ ಮುಗ್ಗಲು ವಾಸನೆ ಬರುತ್ತೆ, ಆಕಾರ ಹಿಡಿದ್ಮೇಲೆ, ಅಂದ್ರೆ ಮುಕ್ಕಾಲು ಒಣಗಿದಾಗ ಡಬ್ಬಿ ತೆಗೆದು ಫ್ಯಾನ್ ಕೆಳಗೆ ಬೋರಲು ಹಾಕಿಡಿ. ಶೋಕೇಸಲ್ಲಿ ಇಟ್ಟು ಮರೆತ್ರೆ ನುಸಿ ತಿನ್ನುತ್ತೆ, ಗಂಜಿ ಹಾಕಿದ್ದಕ್ಕೆ ಇನ್ನೂ ಬೇಗ, ಹಾಗಾಗಿ ತಿಂಗಳಿಗೊಂದು ಸಲ ತೆಗೆದು ಕೊಡವಿ ಬಿಸಿಲಿಗೆ ಇಡಿ. ತಳದಲ್ಲಿ ಸಣ್ಣ ತೂತು, ಮರಳಿನಂಥ ಪುಡಿ ಕಂಡ್ರೆ ಪ್ಲಾಸ್ಟಿಕ್ ಕವರಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಒಂದೆರಡು ವಾರ ಫ್ರೀಜರಲ್ಲಿ ಇಡಿ, ಹೊರಗೆ ತೆಗೆದ್ಮೇಲೆ ಕವರ್ ಬಿಚ್ಚದೇ ರೂಮಿನ ಬಿಸಿಗೆ ಬರೋಕೆ ಬಿಡಿ, ಇಲ್ಲಾಂದ್ರೆ ಉಣ್ಣೆ ಮೇಲೆ ನೀರು ಕೂರುತ್ತೆ. ಪಕ್ಕದಲ್ಲಿದ್ದ ಬೇರೆ ಉಣ್ಣೆ ಸಾಮಾನು, ಸ್ವೆಟರ್, ಶಾಲು ಎಲ್ಲಾನೂ ಅವತ್ತೇ ಬಿಚ್ಚಿ ನೋಡಿ.